ದಿನಕ್ಕೆ ಏಳು ಸಲ ಮುಖ ತೊಳೆಯುತ್ತಿದ್ದ ಕೆಮಿಸ್ಟ್ರಿ ಮೇಷ್ಟ್ರು

"ಏನ್ ಸಾರ್, ರಾತ್ರಿ ಸ್ವಲ್ಪ ಜಾಸ್ತಿ ಆಯ್ತಾ?"

ಸ್ಟಾಫ್ ರೂಮಿನಲ್ಲಿ ಗೆಳೆಯರೊಬ್ಬರು ಕಣ್ಣು ಮಿಟುಕಿಸಿ ಹೀಗೆ ಕೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ನಾನು ಕುಡಿಯುವವನಲ್ಲ. ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡಿಕೊಂಡೆ. ಮೂಗು, ಅದರ ಎರಡೂ ಪಕ್ಕದ ಕೆನ್ನೆ ಕೆಂಪಗೆ ಉರಿಯುತ್ತಿದ್ದವು. ಮೂಗಿನ ಪಕ್ಕ ನಾಲ್ಕೈದು ಸಣ್ಣ ಗುಳ್ಳೆ. ನಾನು ಆಗ ಮಾಡಿದ್ದೇನು ಗೊತ್ತಾ? ಅಲ್ಲೇ ಇದ್ದ ಲಿಕ್ವಿಡ್ ಹ್ಯಾಂಡ್‌ವಾಶ್ ಎರಡು ಸಲ ಒತ್ತಿ, ಚೆನ್ನಾಗಿ ನೊರೆ ಮಾಡಿ, ಮುಖ ತೊಳೆದುಕೊಂಡು ಕ್ಲಾಸಿಗೆ ಹೋದೆ.

ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸೀಮೆಸುಣ್ಣದ ಪುಡಿ, ಬಿಸಿಲು, ಬೆವರು. ಪ್ರತಿ ಪೀರಿಯಡ್ ಮುಗಿದ ಮೇಲೆ ಮುಖ ತೊಳೆಯುವುದು ಇಪ್ಪತ್ತು ವರ್ಷದ ಅಭ್ಯಾಸ. ಗುಳ್ಳೆ ಶುರುವಾದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಗುಳ್ಳೆ ಅಂದರೆ ಕೊಳೆ, ಕೊಳೆ ಅಂದರೆ ಸೋಪು. ಇಷ್ಟೇ ನನ್ನ ಲೆಕ್ಕ. ತೊಳೆದ ಮೇಲೆ ಚರ್ಮ ಬಿಗಿದುಕೊಂಡು, ಬೆರಳು ಎಳೆದರೆ ಕಿರ್ ಅನ್ನಬೇಕು. ಹಾಗಂದರೆ ಮಾತ್ರ ಸ್ವಚ್ಛ.

ಮನೆಯಲ್ಲೂ ಚಿಕಿತ್ಸೆಗೆ ಬರವಿರಲಿಲ್ಲ. "ಕಡ್ಲೆಹಿಟ್ಟಿಗೆ ಚಿಟಿಕೆ ಅರಿಶಿನ, ನಾಕು ಹನಿ ನಿಂಬೆರಸ ಹಾಕಿ ತಿಕ್ಕೋ, ಎಲ್ಲಾ ಹೋಗ್ತದೆ" ಅಂದರು ಅಮ್ಮ. ತಿಕ್ಕಿದೆ. ಶೇವಿಂಗ್ ಆದ ಮೇಲೆ ಅಪ್ಪನ ಕಾಲದಿಂದ ಬಂದ ಪಟಿಕ ಉಜ್ಜುತ್ತಿದ್ದೆ. ಅದರ ಮೇಲೆ ಆಫ್ಟರ್‌ಶೇವ್. ಮೆಡಿಕಲ್ ಶಾಪ್ ಒಂದರಲ್ಲಿ ಕೇಳಿದಾಗ ಸಣ್ಣ ಟ್ಯೂಬು ಕೊಟ್ಟರು. ನಾಲ್ಕೇ ದಿನಕ್ಕೆ ಮುಖ ಮಗುವಿನ ಕೆನ್ನೆ ಥರ ಆಯಿತು. ಬಿಟ್ಟ ವಾರಕ್ಕೆ ಮೊದಲಿಗಿಂತ ಎರಡು ಪಟ್ಟು ಕೆಂಪು. ಅದರಲ್ಲಿ ಸ್ಟಿರಾಯ್ಡ್ ಇತ್ತು ಅಂತ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಚರ್ಮದ ಡಾಕ್ಟರ ಮುಂದೆ ಚೀಲದಿಂದ ಎಲ್ಲಾ ಟ್ಯೂಬು, ಬಾಟಲಿ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ಟಾಗ.

ಅವರು ಭೂತಗನ್ನಡಿ ಥರದ ದೀಪದ ಉಪಕರಣ ಹಿಡಿದು ನೋಡಿದರು. ಬ್ಲ್ಯಾಕ್‌ಹೆಡ್ ಒಂದೂ ಇಲ್ಲ, ಹಾಗಾಗಿ ಇದು ಮಾಮೂಲಿ ಮೊಡವೆ ಅಲ್ಲ ಅಂದರು. ಬಿಸಿ ಕಾಫಿ ಕುಡಿದರೆ ಮುಖ ಕಾಯುತ್ತಾ? ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಾ? ಎರಡಕ್ಕೂ ಹೌದು. ಕೊನೆಗೆ ಕೇಳಿದರು, "ದಿನಕ್ಕೆ ಎಷ್ಟು ಸಲ ಮುಖ ತೊಳೀತೀರಿ?"

"ಆರೇಳು ಸಲ ಮೇಡಂ," ಅಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯಿಂದಲೇ.

ಅವರು ನಕ್ಕರು. ರೊಸೇಶಿಯಾ ಅಂತ ಚೀಟಿಯಲ್ಲಿ ಬರೆದರು, ಮುಖ ಕೆಂಪಾಗಿ ಉರಿದು ಗುಳ್ಳೆ ಏಳುವ ಚರ್ಮದ ಕಾಯಿಲೆ. ಸ್ಟಿರಾಯ್ಡ್ ಕ್ರೀಮು ಅದನ್ನು ಕೆದಕಿದೆ, ಇನ್ನು ಮುಟ್ಟಬೇಡಿ ಅಂದರು. ಹಚ್ಚಲು ಮೆಟ್ರೊನಿಡಜೋಲ್ ಜೆಲ್ ಕೊಟ್ಟರು. ಅದಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, "ಸೋಪು ಬೇಡ" ಅಂತ ಬರೆದಿದ್ದರು.

ನನಗೆ ಅದು ನುಂಗಲಾರದ ತುತ್ತು. ಆದರೆ ಲ್ಯಾಬಿನಲ್ಲಿ ಆಮ್ಲ, ಕ್ಷಾರ ಅಳೆಯುವ ಪಿಎಚ್ ಪೇಪರಿಗೇನು ಬರ? 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಮಾರನೇ ದಿನ ಪ್ರಾಕ್ಟಿಕಲ್ ಮುಗಿದ ಮೇಲೆ ಅಟೆಂಡರ್ ಬೈದುಕೊಳ್ಳುತ್ತಿದ್ದರೂ ಕೂತು ಪರೀಕ್ಷೆ ಮಾಡಿದೆ. ನಮ್ಮ ಮನೆಯ ಸ್ನಾನದ ಸೋಪಿನ ನೀರಿಗೆ ಅದ್ದಿದ ಪಟ್ಟಿ ನೀಲಿಗೆ ತಿರುಗಿತು, ಹತ್ತಿರ ಹತ್ತಿರ 10. ನಿಂಬೆರಸ ಕೆಂಪು, 2ರ ಆಸುಪಾಸು. ಕಡಲೆಹಿಟ್ಟಿನ ನೀರು 6ರ ಬಳಿ ನಿಂತಿತು. ಪಾಪ, ಹಿಟ್ಟಿನ ಪಿಎಚ್‌ನಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನ ತಿಕ್ಕಾಟದಲ್ಲಿತ್ತು. ಡಾಕ್ಟರು ಬರೆದುಕೊಟ್ಟ ಸೋಪಿಲ್ಲದ ಕ್ಲೆನ್ಸರ್ ಐದೂವರೆ, ಆರು.

ಆರೋಗ್ಯವಂತ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಸುಮಾರು 5. ಸೋಪು 10. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು ಅಂತ ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ. ಐದು ಅಂಕಿ ಅಂದರೆ ಲಕ್ಷ ಪಟ್ಟು! ಸೋಪು ಹಚ್ಚಿದ ಚರ್ಮ ತನ್ನ ಜಾಗಕ್ಕೆ ವಾಪಸ್ ಬರಲು ಗಂಟೆಗಟ್ಟಲೆ ಬೇಕು. ನಾನು ಪೀರಿಯಡ್‌ಗೊಮ್ಮೆ ತೊಳೆಯುತ್ತಿದ್ದೆ. ಅಂದರೆ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಅದಕ್ಕೆ ಒಮ್ಮೆಯೂ ಸುಧಾರಿಸಿಕೊಳ್ಳಲು ಬಿಟ್ಟಿರಲಿಲ್ಲ.

ಚರ್ಮದ ಕೋಶಗಳ ನಡುವೆ ಜಿಡ್ಡಿನ ಗಾರೆ ಇರುತ್ತದೆ. ನೀರು ಒಳಗೆ ನಿಲ್ಲುವುದು, ಉರಿ ಎಬ್ಬಿಸುವ ವಸ್ತು ಹೊರಗೆ ನಿಲ್ಲುವುದು ಅದರಿಂದಲೇ. ಸೋಪಿಗೆ ಬೆವರಿನ ಜಿಡ್ಡು ಯಾವುದು, ಗಾರೆ ಯಾವುದು ಅನ್ನುವ ಭೇದ ಇಲ್ಲ, ಎರಡನ್ನೂ ಎತ್ತಿಕೊಂಡು ಹೋಗುತ್ತದೆ. ರೊಸೇಶಿಯಾ ಇರುವವರ ಮುಖದಲ್ಲಿ ಆ ಗಾರೆ ಮೊದಲೇ ಸಡಿಲ. ಜೊತೆಗೆ ಕಾಲಿಕ್ರೀನ್-5 ಅನ್ನುವ ಒಂದು ಕಿಣ್ವ ಇವರಲ್ಲಿ ಜಾಸ್ತಿ. ಅದು ಚರ್ಮದ ರಕ್ಷಣೆಗಿರುವ ಒಂದು ಪ್ರೋಟೀನನ್ನು ಕತ್ತರಿಸಿ ಉರಿಯೂತ ಎಬ್ಬಿಸುವ ತುಣುಕು ಮಾಡುತ್ತದೆ. ಪಿಎಚ್ ಮೇಲೆ ಹೋದಷ್ಟೂ ಈ ಜಾತಿಯ ಕಿಣ್ವಗಳಿಗೆ ಹುರುಪು. ಇದನ್ನೆಲ್ಲ ಓದಿದ ರಾತ್ರಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನೊಂದು, ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಜಿಗುಟು ಆಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತಿರುತ್ತದಲ್ಲ, ಅದೇ. ಪ್ರತಿ ವರ್ಷ ಈ ಸಮೀಕರಣ ಬರೆಸುತ್ತೇನೆ, ಪರೀಕ್ಷೆಗೆ ಇಂಪಾರ್ಟೆಂಟ್ ಅಂತ ಗೆರೆ ಎಳೆಸುತ್ತೇನೆ. ಬಕೆಟ್ಟಿಗೆ ಹತ್ತಿದ್ದು ನನ್ನ ಕೆನ್ನೆಗೂ ಹತ್ತಿರುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ.

"ಮುಖದಲ್ಲಿ ಹುಳ ಇರ್ತಾವಂತೆ, ಅದಕ್ಕೇ ತಿಕ್ಕಿ ತೊಳೀಬೇಕು" ಅಂತ ಭಾವ ಫೋನಿನಲ್ಲಿ ಹೇಳಿದರು. ಅರ್ಧ ನಿಜ. ಡೆಮೊಡೆಕ್ಸ್ ಅನ್ನುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ರೊಸೇಶಿಯಾ ಇರುವ ಚರ್ಮದಲ್ಲಿ ಹೆಚ್ಚಿರುತ್ತವೆ. ಆದರೆ ಅವು ಬಹುಪಾಲು ದೊಡ್ಡವರ ಮುಖದಲ್ಲೂ ಇರುವಂಥವು, ಕೊಳಕಿನಿಂದ ಬಂದವಲ್ಲ. ಕೂದಲ ಬುಡದ ಒಳಗೆ ಕೂತಿರುವವನ್ನು ಮೇಲಿಂದ ತಿಕ್ಕಿ ಎಬ್ಬಿಸಲು ಆಗುವುದಿಲ್ಲ. ಅದಕ್ಕೆ ಐವರ್‌ಮೆಕ್ಟಿನ್ ಕ್ರೀಮು ಇದೆ, ಡಾಕ್ಟರು ನೋಡಿ ಕೊಡುತ್ತಾರೆ.

ಸೋಪು ಬಿಟ್ಟ ಮೊದಲ ಎರಡು ವಾರ ನರಕ. ಮುಖದ ಮೇಲೆ ಏನೋ ಲೇಪ ಇದ್ದಂತೆ, ಸ್ನಾನವನ್ನೇ ಮಾಡದವನಂತೆ ಅನಿಸುತ್ತಿತ್ತು. ಕ್ಲಾಸ್ ಮುಗಿದ ಕೂಡಲೇ ಕಾಲು ತಾನಾಗಿ ನಲ್ಲಿಯ ಕಡೆ ಹೋಗುತ್ತಿತ್ತು. ಒಂದು ಉಪಾಯ ಮಾಡಿದೆ. ಹತ್ತಿಯ ಕರವಸ್ತ್ರ ಒದ್ದೆ ಮಾಡಿ ಹಿಂಡಿ ಡಬ್ಬಿಯಲ್ಲಿ ಇಟ್ಟುಕೊಂಡು, ಸೀಮೆಸುಣ್ಣದ ಪುಡಿ ಜಾಸ್ತಿ ಬಿದ್ದ ದಿನ ಹಣೆ, ಕೆನ್ನೆಗೆ ಸುಮ್ನೆ ಒತ್ತಿ ತೆಗೆಯುತ್ತಿದ್ದೆ. ಒರೆಸುವಂತಿಲ್ಲ, ಒತ್ತುವುದು ಅಷ್ಟೇ. ಆಮೇಲೆ ಡಸ್ಟ್‌ಲೆಸ್ ಚಾಕ್‌ಪೀಸ್ ತರಿಸಿಕೊಂಡೆ. ಇಪ್ಪತ್ತು ವರ್ಷ ಯಾಕೆ ತರಿಸಲಿಲ್ಲವೋ.

ಈಗ ಬೆಳಗ್ಗೆ ಬರೀ ನೀರು. ಕ್ಲೆನ್ಸರ್ ಸಂಜೆ ಒಂದೇ ಸಲ, ಕಡಲೆ ಬೀಜದಷ್ಟು. ಮೊದಲು ಕೈ ತೊಳೆದುಕೊಂಡು, ಬೆರಳ ತುದಿಯಲ್ಲಿ ಅರ್ಧ ನಿಮಿಷ ಸವರುತ್ತೇನೆ. ಚಪಾತಿ ಹಿಟ್ಟು ನಾದುವ ಬಲ ಬೇಡ, ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವ ಬಲ ಸಾಕು. ಮೂಗಿನ ಪಕ್ಕದ ಸಂದಿ, ಹುಬ್ಬಿನ ಮೇಲೆ ಕ್ಲೆನ್ಸರ್ ಉಳಿಯದಂತೆ ನೀರು ಹಾಕಬೇಕು. ಉಳಿದರೆ ಅದೂ ಕಡಿಯುತ್ತದೆ. ನೀರು ಮುಂಗೈಗೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು.

ಟವೆಲ್ ವಿಷಯಕ್ಕೆ ಬಂದರೆ, ಗಡಸು ನೀರಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿದ ಟರ್ಕಿ ಟವೆಲ್ ಹಪ್ಪಳದ ಥರ ಆಗಿರುತ್ತದೆ, ಅಲ್ವಾ? ಅಪ್ಪನ ಹಳೇ ಪಂಚೆಯೊಂದನ್ನು ಕತ್ತರಿಸಿ ಎಂಟು ತುಂಡು ಮಾಡಿದೆ. ದಿನಕ್ಕೊಂದು. ಅದನ್ನು ಮುಖದ ಮೇಲೆ ಹಾಕಿ ನೀರು ಹೀರಲು ಬಿಡುತ್ತೇನೆ. ಚರ್ಮ ಪೂರ್ತಿ ಒಣಗಲು ಹತ್ತು ನಿಮಿಷ ಬಿಟ್ಟು ಜೆಲ್ ಹಚ್ಚುತ್ತೇನೆ. ಒದ್ದೆ ಮುಖಕ್ಕೆ ಹಚ್ಚಿದರೆ ಇರುವೆ ಕಚ್ಚಿದಂತೆ ಉರಿ. ಇದನ್ನು ಮೂರು ಸಲ ಅನುಭವಿಸಿ ಕಲಿತೆ. ಜೆಲ್ ಆದ ಮೇಲೆ ವಾಸನೆ ಇಲ್ಲದ ಮಾಯಿಶ್ಚರೈಸರ್.

ಪಟಿಕ, ಆಫ್ಟರ್‌ಶೇವ್ ಎರಡೂ ಕಸದ ಬುಟ್ಟಿಗೆ ಹೋದವು. ಮೆಂಥಾಲ್, ಕರ್ಪೂರ, ನೀಲಗಿರಿ, ಆಲ್ಕೋಹಾಲ್ ಇರುವುದು ಯಾವುದೂ ಮುಖದ ಹತ್ತಿರ ಬರುವಂತಿಲ್ಲ. ತಣ್ಣಗೆ ಅನಿಸುತ್ತದೆ ಅಂತ ನಂಬಿ ಮೋಸ ಹೋಗುವುದು ಅಲ್ಲೇ. ಬ್ಲೇಡಿನ ಬದಲು ಟ್ರಿಮರ್ ಬಂದಿದೆ. ನುಣ್ಣಗೆ ಆಗುವುದಿಲ್ಲ, ಪರವಾಗಿಲ್ಲ.

ತಲೆಸ್ನಾನದ ದಿನ ಮುಖ ಯಾಕೆ ಕೆಡುತ್ತದೆ ಅನ್ನುವುದನ್ನು ಪತ್ತೆ ಮಾಡಿದ್ದು ನನ್ನ ಹೆಂಡತಿ. "ರೀ, ಶಾಂಪೂ ನೊರೆ ಎಲ್ಲಾ ಮುಖದ ಮೇಲೇ ಇಳೀತದಲ್ರೀ" ಅಂದಳು. ಈಗ ಬಗ್ಗಿ ನಿಂತು ತಲೆ ತೊಳೆಯುತ್ತೇನೆ. ನರಕಚತುರ್ದಶಿಯ ಎಣ್ಣೆಸ್ನಾನಕ್ಕೆ ಅಮ್ಮನ ಜೊತೆ ಒಂದು ಒಪ್ಪಂದ ಆಯಿತು. ಮೈಗೆ ಎಷ್ಟು ಬೇಕಾದರೂ ಎಣ್ಣೆ, ಹಂಡೆಯ ಸುಡುನೀರು ಕತ್ತಿನಿಂದ ಕೆಳಗೆ, ಸೀಗೆಪುಡಿ ಹಣೆ ದಾಟುವಂತಿಲ್ಲ. "ಮುಖ ಬಿಟ್ಟು ಎಂಥಾ ಅಭ್ಯಂಜನ ಅದು" ಅಂತ ಗೊಣಗಿದರು. ಆದರೂ ಚೊಂಬಿನಲ್ಲಿ ಬೇರೆ ನೀರು ತಂದಿಟ್ಟರು.

ಬಿಸಿ ಬೇಡವೇ ಬೇಡ ಅಂದವನು ಒಂದೇ ಜಾಗಕ್ಕೆ ಬಿಸಿ ಕೊಡುತ್ತೇನೆ. ಕಣ್ಣಿನ ರೆಪ್ಪೆಗೆ. ರೊಸೇಶಿಯಾ ಕಣ್ಣಿಗೂ ಬರುತ್ತದೆ, ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಳ್ಳುತ್ತವೆ. ಉಗುರುಬೆಚ್ಚಗಿಂತ ಸ್ವಲ್ಪ ಮೇಲಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟು, ರೆಪ್ಪೆಯಂಚನ್ನು ಮೆಲ್ಲಗೆ ಒರೆಸಲು ಕಣ್ಣಿನ ಡಾಕ್ಟರು ಕಲಿಸಿಕೊಟ್ಟರು. ಬಟ್ಟೆ ಕೆನ್ನೆಗೆ ತಾಗದಂತೆ ನಾಲ್ಕು ಮಡಿಕೆ ಮಾಡಬೇಕು. ನೋಡಿದವರು ಧ್ಯಾನ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಎರಡು ತಿಂಗಳಿಗೆ ಗುಳ್ಳೆ ಇಳಿದವು, ಉರಿ ಹೆಚ್ಚುಕಡಿಮೆ ನಿಂತಿತು. ಕೆಂಪು ಪೂರ್ತಿ ಹೋಗಿಲ್ಲ. ಔಷಧಿಯ ಪಾಲೆಷ್ಟು, ಸೋಪು ಬಿಟ್ಟದ್ದರ ಪಾಲೆಷ್ಟು ಅಂತ ಬೇರ್ಪಡಿಸಿ ಹೇಳಲಾರೆ. ಎರಡೂ ಒಟ್ಟಿಗೇ ಶುರುವಾದವು. ಆದರೆ ಒಮ್ಮೆ ಪ್ರವಾಸದಲ್ಲಿ ಕ್ಲೆನ್ಸರ್ ಮರೆತು ಮೂರು ದಿನ ಲಾಡ್ಜಿನ ಸೋಪು ಬಳಸಿದೆ, ಜೆಲ್ ಹಚ್ಚುತ್ತಲೇ ಇದ್ದೆ. ನಾಲ್ಕನೇ ದಿನ ಕೆನ್ನೆ ಮತ್ತೆ ಕಾದ ಹಂಚು. ಇನ್ನು ಮಂಡಕ್ಕಿ ಜೊತೆ ಮಿರ್ಚಿ ತಿಂದು, ಮೇಲೊಂದು ಬಿಸಿ ಬಿಸಿ ಚಹಾ ಕುಡಿದರೆ ಯಾವ ಕ್ಲೆನ್ಸರೂ ಉಳಿಸುವುದಿಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ತಿಂಗಳಿಗೊಮ್ಮೆ ತಿನ್ನುತ್ತೇನೆ.

ನನ್ನದು ಗೋಧಿ ಬಣ್ಣ, ಹಾಗಾಗಿ ಸ್ಟಾಫ್ ರೂಮಿನವರಿಗೆ ಕೆಂಪು ಕಂಡಿತು. ಕಪ್ಪು ಬಣ್ಣದವರಲ್ಲಿ ಅದು ಹೀಗೆ ಕಾಣುವುದಿಲ್ಲ, ಬರೀ ಉರಿ, ಶಾಖ, ಗುಳ್ಳೆ. ಅಂಥವರಿಗೆ ವರ್ಷಗಟ್ಟಲೆ ಮೊಡವೆ ಸೋಪನ್ನೇ ಕೊಡುತ್ತಾ ಹೋಗುತ್ತಾರೆ. ಮುಖ ಕಾದಂತೆ ಆಗಿ, ಏನು ಹಚ್ಚಿದರೂ ಚುರುಗುಟ್ಟಿದರೆ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ.

ಈ ಏಪ್ರಿಲ್‌ನಲ್ಲಿ ಹೊಸ ತಲೆನೋವು. ನಮ್ಮ ಊರಿನ ಬಿಸಿಲಿಗೆ ಟೆರೇಸಿನ ಟ್ಯಾಂಕಿನ ನೀರು ಸಂಜೆ ಐದಕ್ಕೂ ಗೀಸರ್ ನೀರಿನ ಹಾಗೆ ಬರುತ್ತದೆ. ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್ ತೊಳೆಯುವ ಹೊತ್ತೂ ಅದೇ. ಹಾಗಾಗಿ ರಾತ್ರಿಯೇ ಒಂದು ಬಕೆಟ್ ತುಂಬಿ ಬಚ್ಚಲುಮನೆಯ ಮೂಲೆಯಲ್ಲಿಡುತ್ತೇನೆ. ಮೇಲೆ ತಟ್ಟೆ ಮುಚ್ಚಿ, "ಅಪ್ಪನ ಮುಖದ ನೀರು, ಮುಟ್ಟಬೇಡಿ" ಅಂತ ಮಗಳು ಚೀಟಿ ಅಂಟಿಸಿದ್ದಾಳೆ. ನಿನ್ನೆ ಅಮ್ಮ ಅದೇ ನೀರನ್ನು ತುಳಸಿಗೆ ಹಾಕಿದ್ದರು.