ಹಬ್ಬದೂಟದಲ್ಲಿ ಹಾಲು-ತುಪ್ಪವಿಲ್ಲದೆ ಹೊಟ್ಟೆ ತುಂಬ ಉಣ್ಣುವುದು ಹೇಗೆ?

ಶ್ರಾವಣ ಹಿಡಿಯಿತೆಂದರೆ ವರಮಹಾಲಕ್ಷ್ಮಿ, ಅದರ ಬೆನ್ನಿಗೆ ಗೌರಿ-ಗಣೇಶ, ನವರಾತ್ರಿ, ದೀಪಾವಳಿ ಎಂದು ಬೆಂಗಳೂರಿನ ಮನೆಗಳಲ್ಲಿ ಹಬ್ಬದಡುಗೆಯ ಒಲೆ ಆರುವುದೇ ಇಲ್ಲ. ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನು ಬಿಟ್ಟು ಸಸ್ಯಮೂಲದ ಆಹಾರವನ್ನಷ್ಟೇ ತಿನ್ನುವ ವೀಗನ್ ಪದ್ಧತಿ ಹಿಡಿದವರು ವರ್ಷದ ಉಳಿದ ದಿನಗಳನ್ನು ಹೇಗೋ ನಿಭಾಯಿಸಿ, ಈ ತಿಂಗಳುಗಳಲ್ಲಿ ಮುಗ್ಗರಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಕಾರಣ ಬಹುಪಾಲು ಒಂದೇ: ಅವರು ಬಾಯಿ ತೆರೆಯುವ ಹೊತ್ತು ತಪ್ಪಾಗಿರುತ್ತದೆ. ಎಲೆ ಹಾಕಿ, ಪಂಕ್ತಿ ಕೂತು, ತುಪ್ಪದ ಮಿಳ್ಳೆ ಹಿಡಿದ ಸೋದರತ್ತೆ ಎದುರಿಗೆ ಬಂದು ನಿಂತ ಮೇಲೆ ತಮ್ಮ ಆಹಾರಕ್ರಮದ ವಿವರಣೆ ಆರಂಭಿಸುತ್ತಾರೆ. ಅಷ್ಟರೊಳಗೆ ತುಪ್ಪವು ಸಾರಿನ ಒಗ್ಗರಣೆಯಲ್ಲೂ ತೊವ್ವೆಯಲ್ಲೂ ಪಾಯಸದ ಗೋಡಂಬಿಯಲ್ಲೂ ಸೇರಿ ಆಗಿರುತ್ತದೆ.

ಹೆಜ್ಜೆ 1: ನಾಲ್ಕು ದಿನ ಮೊದಲೇ ಫೋನ್ ಮಾಡಿ

ಊಟಕ್ಕೆ ಕರೆದವರಿಗಿಂತ ಅಡುಗೆ ಮಾಡುವವರೊಂದಿಗೆ ಮಾತನಾಡುವುದು ಮುಖ್ಯ; ಅಡುಗೆಯನ್ನು ಕಾಂಟ್ರಾಕ್ಟ್ ಕೊಟ್ಟಿದ್ದರೆ ಭಟ್ಟರ ನಂಬರ್ ಕೇಳಿ ಪಡೆಯಿರಿ. ಹಬ್ಬದ ಹಿಂದಿನ ದಿನ ಬಾಳೆಕಂದು, ಮಾವಿನ ಸೊಪ್ಪು, ಹೂವಿಗೆಂದು ಗಾಂಧಿ ಬಜಾರಿಗೋ ಕೆ.ಆರ್. ಮಾರುಕಟ್ಟೆಗೋ ಓಡುತ್ತಿರುವವರಿಗೆ ನಿಮ್ಮ ಮಾತು ಕಿವಿಗೆ ಬೀಳುವುದಿಲ್ಲ. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಮಾತ್ರ ಈ ವಿಷಯ ಎತ್ತಬೇಡಿ. ಅಡುಗೆ ಮಾಡುವವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಅಭಿಪ್ರಾಯ ಹೇಳುತ್ತಾರೆ.

ಹೆಜ್ಜೆ 2: ಒಗ್ಗರಣೆಯ ಬಗ್ಗೆ ಕೇಳಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಅಡುಗೆಯಲ್ಲಿ ಪ್ರಾಣಿಮೂಲದ್ದು ಏನಾದರೂ ಇದೆಯೇ’ ಎಂದು ಕೇಳಿದರೆ ‘ಅಯ್ಯೋ, ನಮ್ಮದು ಶುದ್ಧ ಸಸ್ಯಾಹಾರ’ ಎಂಬ ಉತ್ತರ ಬರುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲ. ಅಂಗಡಿಯ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯೂ ಹಾಲು ಮತ್ತು ಜೇನನ್ನು ಸಸ್ಯಾಹಾರದ ಲೆಕ್ಕಕ್ಕೇ ಸೇರಿಸುತ್ತದೆ. ವೀಗನ್ ಪದಾರ್ಥಗಳಿಗೆಂದು ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು ಪ್ರತ್ಯೇಕ ನಿಯಮವನ್ನೂ ಲಾಂಛನವನ್ನೂ ತಂದದ್ದು 2022ರಲ್ಲಿ. ಆದ್ದರಿಂದ ತತ್ತ್ವದ ಮಾತು ಬಿಟ್ಟು, ‘ಸಾರಿಗೆ ಒಗ್ಗರಣೆ ಯಾವುದರಲ್ಲಿ ಹಾಕುತ್ತೀರಿ, ಎಣ್ಣೆಯೋ ತುಪ್ಪವೋ’ ಎಂದು ನೇರವಾಗಿ ಕೇಳಿ. ಹಬ್ಬದ ದಿನ ಉತ್ತರ ಸಾಮಾನ್ಯವಾಗಿ ತುಪ್ಪವೇ.

ಆಗ ‘ಹಾಗಾದರೆ ನನಗೆ ಬೇಡ’ ಎಂದರೆ ಮಾತು ಕೆಟ್ಟಿತು. ಬೇಯಿಸಿದ ತೊವ್ವೆಯಿಂದ, ಕುದಿದ ಸಾರಿನಿಂದ ಒಂದೊಂದು ಬಟ್ಟಲು ಒಗ್ಗರಣೆಗೆ ಮೊದಲೇ ಎತ್ತಿಡಲು ಹೇಳಿ. ಅರ್ಧ ಗಂಟೆ ಮೊದಲೇ ಹೋಗಿ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ ನೀವೇ ಹಾಕಿಕೊಳ್ಳಿ. ನೈವೇದ್ಯಕ್ಕೆ ಮೊದಲು ಅಡುಗೆಯನ್ನು ಬೇರೆ ತೆಗೆಯುವುದನ್ನು ಒಪ್ಪದ ಮನೆಗಳಿವೆ. ಅಂಥ ಕಡೆ ಉಪಾಯವನ್ನು ತಿರುಗಿಸಿ: ಇಡೀ ಪಾತ್ರೆಗೆ ಎಣ್ಣೆಯ ಒಗ್ಗರಣೆ ಹಾಕಿ, ದೇವರಿಗೆ ಬಡಿಸುವ ಎಲೆಯ ಮೇಲೆ ತುಪ್ಪ ಹಾಕಿದರೆ ಸಾಕಲ್ಲವೇ ಎಂದು ವಿನಯದಿಂದ ಕೇಳಿ. ತುಪ್ಪ ಬೇಕಾದವರು ಹೇಗೂ ಅನ್ನದ ಮೇಲೆ ಹಾಕಿಸಿಕೊಳ್ಳುತ್ತಾರೆ, ಆದ್ದರಿಂದ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟವಲ್ಲ.

ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ಹಪ್ಪಳಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಜ್ಜಿಗೆಹುಳಿ ತನ್ನ ಗುಟ್ಟನ್ನು ಹೆಸರಿನಲ್ಲೇ ಬಿಟ್ಟುಕೊಡುತ್ತದೆ. ಕಣ್ಣಿಗೆ ಬೀಳದ ಕಡೆಗಳೇ ಬೇರೆ. ಬಿಸಿಬೇಳೆಬಾತಿಗೆ ಕೊನೆಯಲ್ಲಿ ತುಪ್ಪ ಸುರಿಯದ ಅಡುಗೆಯವರು ಅಪರೂಪ. ಅನ್ನದ ಪಕ್ಕಕ್ಕೆ ಕರಿದು ಬಡಿಸುವ ಬಾಳಕದ ಮೆಣಸಿನಕಾಯಿಯನ್ನು ಮಜ್ಜಿಗೆಯಲ್ಲಿ ನೆನೆಸಿಯೇ ಒಣಗಿಸಿರುತ್ತಾರೆ. ಚಕ್ಕುಲಿಯ ಹಿಟ್ಟಿಗೆ ಬೆಣ್ಣೆ ಹಾಕುವ ಮನೆಗಳಿವೆ, ಕಾದ ಎಣ್ಣೆ ಹಾಕುವ ಮನೆಗಳೂ ಇವೆ. ತಿಂದು ನೋಡಿ ಹೇಳಲಾಗುವುದಿಲ್ಲ, ಕೇಳಿಯೇ ತಿಳಿಯಬೇಕು. ಹೋಳಿಗೆಯ ಕಣಕಕ್ಕೆ ಎಣ್ಣೆ, ಹೂರಣಕ್ಕೆ ಬೇಳೆ, ಬೆಲ್ಲ, ಏಲಕ್ಕಿ, ಅಷ್ಟೇ. ತುಪ್ಪ ಬರುವುದು ಕಾವಲಿಯ ಮೇಲೆ. ಕಾವಲಿಗೆ ಇನ್ನೂ ತುಪ್ಪ ಸೋಕದಿರುವಾಗ, ಅಂದರೆ ಮೊದಲ ಎರಡು ಹೋಳಿಗೆಗಳನ್ನು ಎಣ್ಣೆಯಲ್ಲಿ ಬೇಯಿಸಿ ನಿಮಗೆಂದು ಇಡಲು ಹೇಳಿ. ನಡುವೆ ಕೇಳಿದರೆ ಕಾವಲಿ ಒರೆಸಿ ಮತ್ತೆ ಕಾಯಿಸುವ ಕೆಲಸ ಬೀಳುತ್ತದೆ, ಯಾರೂ ಮಾಡುವುದಿಲ್ಲ. ಗಣೇಶನ ಹಬ್ಬದ ಹಬೆಯ ಕಾಯಿಕಡುಬಿಗೆ ಅಚ್ಚಿಗೆ ಸವರುವ ಜಿಡ್ಡೊಂದನ್ನು ಬದಲಿಸಿದರೆ ಸಾಕು.

ತುಪ್ಪದ ಬದಲು ವನಸ್ಪತಿ ಸಾಕಲ್ಲ ಎಂದು ಭಟ್ಟರು ಸೂಚಿಸಬಹುದು. ಅದು ಸಸ್ಯಮೂಲದ್ದೇ ಹೌದು, 2022ರಿಂದ ಅದರ ಟ್ರಾನ್ಸ್ ಕೊಬ್ಬಿಗೆ ಶೇ 2ರ ಮಿತಿಯೂ ಇದೆ. ಆದರೂ ಬೇಡವೆನ್ನಿ, ಆರಿದ ಮೇಲೆ ಅಂಗುಳಿಗೆ ಮೆತ್ತಿಕೊಳ್ಳುವ ಆ ಜಿಡ್ಡಿಗಿಂತ ಕಡಲೆಕಾಯಿ ಎಣ್ಣೆ ಎಷ್ಟೋ ವಾಸಿ.

ಹೆಜ್ಜೆ 3: ಪಾಯಸವನ್ನು ನೀವೇ ಒಯ್ಯಿರಿ

ಒಂದು ಲೋಟದಷ್ಟು ಮಾಡಿ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಹೋಗಬೇಡಿ, ಇಡೀ ಪಂಕ್ತಿಗೆ ಒಂದು ಸುತ್ತು ಬರುವಷ್ಟು ಮಾಡಿ. ನನ್ನ ಆಯ್ಕೆ ಯಾವಾಗಲೂ ಗಸಗಸೆ ಪಾಯಸ: ಹುರಿದ ಗಸಗಸೆ, ಸ್ವಲ್ಪ ಅಕ್ಕಿ, ತೆಂಗಿನತುರಿ, ಏಲಕ್ಕಿಗಳನ್ನು ನುಣ್ಣಗೆ ರುಬ್ಬಿ, ಸೋಸಿದ ಬೆಲ್ಲದ ನೀರಿನಲ್ಲಿ ಕುದಿಸಿದರೆ ಮುಗಿಯಿತು. ಹಾಲನ್ನು ಯಾರೂ ನೆನಪಿಸಿಕೊಳ್ಳುವುದೂ ಇಲ್ಲ.

ಕಡಲೆಬೇಳೆ ಪಾಯಸ ಮಾಡುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ತೆಂಗಿನಕಾಯಿಯ ಮೊದಲ ಹಿಂಡಿನ ಗಟ್ಟಿ ಹಾಲನ್ನು ಬೇರೆ ಇಟ್ಟು, ಎರಡನೆಯ ಹಿಂಡಿನ ತೆಳು ಹಾಲಿನಲ್ಲಿ ಬೆಂದ ಬೇಳೆ ಮತ್ತು ಬೆಲ್ಲವನ್ನು ಕುದಿಸಬೇಕು. ಗಟ್ಟಿ ಹಾಲು ಸೇರುವುದು ಒಲೆ ಆರಿಸಿ, ಕುದಿ ನಿಂತ ಮೇಲೆ. ಎಲ್ಲವನ್ನೂ ಒಟ್ಟಿಗೆ ಸುರಿದು ಕುದಿಸಿದರೆ ಹಾಲು ಒಡೆದು, ಮೇಲೆ ಎಣ್ಣೆ, ಕೆಳಗೆ ಗಸಿ ಎಂಬಂತಾಗುತ್ತದೆ. ಕಾಯಿ ಹಿಂಡುವ ಶ್ರಮ ತಪ್ಪಿಸಲು ತೆಂಗಿನಹಾಲಿನ ಪುಡಿ ಕೊಳ್ಳುವವರು ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದಬೇಕು, ಏಕೆಂದರೆ ಕೆಲವು ಪುಡಿಗಳಲ್ಲಿ ಸೋಡಿಯಂ ಕೆಸಿನೇಟ್ ಇರುತ್ತದೆ. ಅದು ಹಸುವಿನ ಹಾಲಿನದೇ ಪ್ರೋಟೀನು. ಇನ್ನು ವೆನಿಲ್ಲಾ ಪರಿಮಳದ ಸೋಯಾ ಹಾಲಿನಲ್ಲಿ ಶಾವಿಗೆ ಬೇಯಿಸುವ ಸಾಹಸಕ್ಕೆ ದಯವಿಟ್ಟು ಇಳಿಯಬೇಡಿ.

ಹೆಜ್ಜೆ 4: ಎಲೆಯ ಮುಂದೆ

ಪೂಜೆ ಮುಗಿದೊಡನೆ ಮೊದಲ ಪರೀಕ್ಷೆ ಪಂಚಾಮೃತದ್ದು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಐದರಲ್ಲಿ ನಾಲ್ಕು ನಿಮಗೆ ಸಲ್ಲದವು. ಅಂಗೈ ಒಡ್ಡಿದ ಮೇಲೆ ಹಿಂತೆಗೆಯುವುದು ಅಗೌರವವಾದ್ದರಿಂದ ಆ ಸಾಲಿಗೆ ಹೋಗದೆ ಮಂಗಳಾರತಿ ಮತ್ತು ಹೂವು ತೆಗೆದುಕೊಳ್ಳಿ.

ಎರಡನೆಯದು ಅಭಿಘಾರ. ಕೆಲವು ಮನೆಗಳಲ್ಲಿ ಬೇರೇನೂ ಬಡಿಸುವ ಮೊದಲು ಖಾಲಿ ಎಲೆಗೆ ಒಂದು ಹನಿ ತುಪ್ಪ ಬೀಳುತ್ತದೆ, ನೀವು ಕೈ ತೊಳೆದು ಬರುವಷ್ಟರಲ್ಲಿ ಆ ಶಾಸ್ತ್ರ ಮುಗಿದೇ ಇರುತ್ತದೆ. ಅದು ಬೇಡವೆನ್ನುವವರು ಬಡಿಸಲು ನಿಂತವರಿಗೆ ಎಲೆ ಹಾಕುವಾಗಲೇ ಹೇಳಿ, ಯಾವ ಎಲೆ ನಿಮ್ಮದೆಂದು ತೋರಿಸಿರಬೇಕು. ಅಡುಗೆಮನೆಗೆ ಹೇಳಿದ್ದೇನೆಂದು ಸುಮ್ಮನೆ ಕೂರಬೇಡಿ; ಬಡಿಸುವವರು ಸಾಮಾನ್ಯವಾಗಿ ಬೇರೆಯವರು, ಬಹಳ ಸಲ ಆ ಮನೆಯ ಅಳಿಯನೋ ಪಕ್ಕದ ಫ್ಲ್ಯಾಟಿನ ಹುಡುಗನೋ ಆಗಿರುತ್ತಾರೆ.

ಮೂರನೆಯದು ಅನ್ನ-ತೊವ್ವೆಯ ಮೇಲಿನ ತುಪ್ಪ. ಎಲೆಗೆ ಅಡ್ಡ ಕೈ ಹಿಡಿದು ‘ಬೇಡ, ಬೇಡ’ ಎನ್ನುವುದನ್ನು ನಮ್ಮಲ್ಲಿ ಸಂಕೋಚವೆಂದು ತಿಳಿಯುತ್ತಾರೆ. ಬೆರಳ ಸಂದಿಯಿಂದಲೇ ಎರಡು ಮಿಳ್ಳೆ ಬೀಳುತ್ತದೆ. ಅದರ ಬದಲು ತುಪ್ಪದವರು ಎರಡು ಎಲೆ ಆಚೆ ಇರುವಾಗಲೇ ತೊವ್ವೆಯನ್ನು ಅನ್ನಕ್ಕೆ ಕಲೆಸಿಬಿಡಿ, ಅವರು ಬಂದಾಗ ‘ನನಗೆ ಇನ್ನೊಂದು ಸೌಟು ಸಾರು’ ಎಂದು ಕೇಳಿ. ಬಡಿಸುವ ಕೈಗೆ ಬೇರೆ ಕೆಲಸ ಕೊಟ್ಟರೆ ಒತ್ತಾಯ ಅಲ್ಲಿಗೇ ನಿಲ್ಲುತ್ತದೆ. ‘ಡಾಕ್ಟರ್ ಬೇಡವೆಂದಿದ್ದಾರೆ’ ಎಂಬ ಸುಲಭದ ಸುಳ್ಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಮುಂದಿನ ಹಬ್ಬದವರೆಗೆ ನಿಮ್ಮ ಕೊಲೆಸ್ಟರಾಲ್ ಬಳಗದ ಚರ್ಚೆಯ ವಸ್ತುವಾಗುತ್ತದೆ.

ಹೆಜ್ಜೆ 5: ಮೊಸರನ್ನದ ಹೊತ್ತು

ಕೊನೆಯ ಅನ್ನಕ್ಕೆ ಕಡಲೆಕಾಯಿ ಮೊಸರನ್ನು ಮನೆಯಿಂದಲೇ ಡಬ್ಬಿಯಲ್ಲಿ ತನ್ನಿ. ರಾತ್ರಿ ನೆನೆಸಿದ ಒಂದು ಲೋಟ ಕಡಲೆಬೀಜದ ಸಿಪ್ಪೆ ತೆಗೆದು, ಮೂರು ಲೋಟ ನೀರಿನೊಂದಿಗೆ ರುಬ್ಬಿ ಸೋಸಿ, ತಳ ಹಿಡಿಯದಂತೆ ಕುದಿಸಿ, ಉಗುರುಬೆಚ್ಚಗಾದಾಗ ಎಂಟು-ಹತ್ತು ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಡಿ. ಬೆಂಗಳೂರಿನ ತಂಪಿನಲ್ಲಿ ಹೆಪ್ಪಾಗಲು ಹನ್ನೆರಡು ಗಂಟೆಯಾದರೂ ಬೇಕು, ಮೊದಲ ಸಲದ್ದು ತೆಳ್ಳಗೇ ಇರುತ್ತದೆ. ಅದನ್ನೇ ಹೆಪ್ಪಾಗಿ ಬಳಸಿ ಮಾಡಿದ ಎರಡನೆಯ ಸಲದ್ದನ್ನು ಹಬ್ಬಕ್ಕೆ ಒಯ್ಯಿರಿ.

ಹೆಜ್ಜೆ 6: ತಾಂಬೂಲದ ಚೀಲ

ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಹಣ್ಣು ನಿಮ್ಮವು. ಮೈಸೂರುಪಾಕು, ಚಿರೋಟಿ ಇದ್ದರೆ ಅಲ್ಲೇ ಹಿಂದಿರುಗಿಸದೆ ಮನೆಗೆ ತಂದು ಪಕ್ಕದವರಿಗೆ ಕೊಡಿ.