ಹೊರೆ ಹೊತ್ತು ಹಾರಿದ ನನ್ನ ಬ್ರಾಂಕೊ

ಜೋಡಿ ಬೂಮಿನ, ಅಂದರೆ ರೆಕ್ಕೆಯಿಂದ ಬಾಲದವರೆಗೆ ಎರಡು ಉದ್ದ ತೋಳುಗಳು ಚಾಚಿದ, ರೇಡಿಯೊದಿಂದ ಹಾರಿಸುವ ಮಾದರಿ ವಿಮಾನ ಹೊರೆ ಹೊತ್ತು ಹಾರುವುದಿಲ್ಲ, ಬಾಲದ ತೂಕವೇ ಅದನ್ನು ಕೆಡವುತ್ತದೆ ಎಂದು ಶಿರಸಿಯ ಹವ್ಯಾಸಿ ಮಿತ್ರರು ಹೇಳುತ್ತಲೇ ಇದ್ದರು. 1:8 ಪ್ರಮಾಣದಲ್ಲಿ ನಾನು ಕಟ್ಟಿದ, ಅಮೆರಿಕದ ಓವಿ-10 ಬ್ರಾಂಕೊ ಸೇನಾ ವಿಮಾನದ ಮಾದರಿ ಈ ಬೇಸಿಗೆಯಲ್ಲಿ ಕೊಯ್ಲಾದ ಗದ್ದೆಯಿಂದ ಸುಮಾರು 200 ಗ್ರಾಂ ಬೀಜದುಂಡೆಗಳನ್ನು ಹೊತ್ತೆದ್ದು, ಮೇಲಿಂದ ಉದುರಿಸಿ, ಟ್ರಿಮ್ (ಸಮತೋಲದ ಸಣ್ಣ ಹೊಂದಾಣಿಕೆ) ಮುಟ್ಟುವ ಪ್ರಸಂಗವೇ ಬಾರದಂತೆ ಇಳಿದಿದೆ. ಕಾರವಾರದ ಕದಂಬ ನೌಕಾನೆಲೆಯ ಆಸುಪಾಸಿನಲ್ಲಿ ಹಾರಿಸುವ ಮಾತೇ ಇಲ್ಲವಾದ್ದರಿಂದ ಕರಾವಳಿಯ ಗೆಳೆಯರು ಘಟ್ಟ ಹತ್ತಿ ಬಂದು ನೋಡಿದರು.

ಬೆಕೆಟ್ ಮತ್ತು ರೈಸ್ ಎಂಬ ಅಮೆರಿಕನ್ನರು 1960ರ ದಶಕದ ಆರಂಭದಲ್ಲಿ ಕಲ್ಪಿಸಿದ್ದು ರಸ್ತೆಯಿಂದಲೂ ಏಳಬಲ್ಲ, 20 ಅಡಿ ರೆಕ್ಕೆಯ ಪುಟ್ಟ ವಿಮಾನವನ್ನು. 1965ರಲ್ಲಿ ಹಾರಿದ ಬ್ರಾಂಕೊ ಮೂಲಮಾದರಿಗೆ ರೆಕ್ಕೆ 30 ಅಡಿಯಾಯಿತು, ತಯಾರಿಕೆಯ ಹೊತ್ತಿಗೆ 40 ಅಡಿ. ಸಾಗಿಸಲು ಸುಲಭವೆಂದು ನಾನು ಮೊದಲು 30 ಅಡಿಯ ಲೆಕ್ಕ ಹಿಡಿದೆ. ಖಾಲಿ ಇದ್ದಾಗ ಸೊಗಸಾಗಿ ಹಾರಿದ ಅದು, ಹೊರೆ ಹಾಕಿದೊಡನೆ ತಿರುವಿನಲ್ಲಿ ಒಂದು ರೆಕ್ಕೆ ಕುಸಿದು ಬದುವಿಗೆ ಬಡಿಯಿತು. ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಎಲ್ಲ ಸೇರಿ ಏಳೆಂಟು ಸಾವಿರ ರೂಪಾಯಿ ಮಣ್ಣುಪಾಲಾಯಿತು. 40 ಅಡಿಯ ಲೆಕ್ಕದ ಈಗಿನ ರೆಕ್ಕೆ ಒಂದೂವರೆ ಮೀಟರಿಗೆ ತುಸು ಹೆಚ್ಚು. ಹಾರುವ ತೂಕ ಎರಡೂವರೆ ಕಿಲೋ ಆಸುಪಾಸು.

ನಿಜವಾದ ಪೇಚು ಇದ್ದದ್ದು ಬೂಮುಗಳಲ್ಲಿ. ವೈರಿಂಗಿನ ಪಿವಿಸಿ ಪೈಪು ತಿರುಚಿಕೊಂಡು, ಪೂರ್ಣ ಥ್ರಾಟಲ್‌ನಲ್ಲಿ ಬಾಲ ಗಡಗಡ ನಡುಗಿತು. ಬಾಲ್ಸಾ ಎಂಬ ಹಗುರ ಮರದ ಪೆಟ್ಟಿಗೆಯಂಥ ಬೂಮುಗಳು ನಮ್ಮ ಮಳೆಗಾಲದ ತೇವಕ್ಕೆ ಒಂದೊಂದು ದಿಕ್ಕಿಗೆ ಬಾಗಿದವು. ಕೊನೆಗೆ ಎರಡು ಸಾವಿರಕ್ಕೂ ಮಿಗಿಲಾದ ಬೆಲೆ ಕೊಟ್ಟು ಕಾರ್ಬನ್ ಕೊಳವೆ ತರಿಸಿದರೂ ನಡುಕ ಪೂರ್ತಿ ನಿಲ್ಲಲಿಲ್ಲ. ಬ್ರಾಂಕೊದ ಅಡ್ಡಬಾಲ ಎರಡೂ ಫಿನ್ನುಗಳ (ನೆಟ್ಟಗೆ ನಿಂತ ಬಾಲದ ಹಲಗೆಗಳ) ನೆತ್ತಿಯ ಮೇಲೆ ಕೂರುವುದರಿಂದ ರೆಕ್ಕೆ, ಬೂಮು, ಬಾಲ ಸೇರಿ ಮುಚ್ಚಿದ ಚೌಕಟ್ಟಾಗುತ್ತವೆ. ಮೇಲಿನ ಮೂಲೆಗಳು ಸಡಿಲವಾದರೆ ಯಾವ ಕೊಳವೆಯೂ ಕಾಯುವುದಿಲ್ಲ. ಆ ಮೂಲೆಗಳಲ್ಲಿ ಗ್ಲಾಸ್ ಬಟ್ಟೆಯ ಕೆಳಗೆ ಏನಿಟ್ಟಿದ್ದೇನೆ ಎಂಬುದನ್ನು ಇಲ್ಲಿ ಬರೆಯಲಾರೆ. ಆದರೆ ಮಳೆಗಾಲದಲ್ಲಿ ಇಪಾಕ್ಸಿ ಅಂಟು ಗಟ್ಟಿಯಾಗದೆ ಅಂಟಂಟಾಗಿ ಉಳಿದರೆ, ಅಡಿಕೆ ಡ್ರೈಯರಿನ ಪಕ್ಕದ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು ನೋಡಬಹುದು.

ಅಸಲಿ ವಿಮಾನದ ನಡು ಒಡಲಿನಲ್ಲಿ ಐವರು ಪ್ಯಾರಾಟ್ರೂಪರ್‌ಗಳು, ಇಲ್ಲವೇ ಎರಡು ಸ್ಟ್ರೆಚರ್‌ಗಳು ಹಿಡಿಸುತ್ತಿದ್ದವು. ಹಿಂಬದಿಗೆ ಬಾಲವೇ ಅಡ್ಡ ಬಾರದಿರುವುದು ಜೋಡಿ ಬೂಮಿನ ದೊಡ್ಡ ಲಾಭ, ಮಿತ್ರರು ಇದನ್ನೇ ಮರೆತಿದ್ದರು. ಬೀಜದುಂಡೆಗಳನ್ನು ಹಿಂಬದಿಯ ಬಾಗಿಲ ಬಳಿ ತುಂಬಿದಾಗ, ಅವು ಉದುರಿದ ಕೂಡಲೇ ಮೂತಿ ಕೆಳಗಾಗುತ್ತಿತ್ತು. ಹೊರೆಯನ್ನು ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲು ಭಾಗದಷ್ಟು ಹಿಂದೆ, ಅಂದರೆ ತೂಕದ ಕೇಂದ್ರದ ಕೆಳಗೇ ಇಟ್ಟು, ಇಳಿಜಾರು ಹಲಗೆಯ ಮೇಲೆ ಹಿಂದಕ್ಕೆ ಜಾರಿಸಿದ ಮೇಲೆ ಆ ತೊಂದರೆ ಇಲ್ಲ.

ಗದ್ದೆಯ ಏರುಪೇರಿಗೆಂದು ಅಡಿಕೆ ದಬ್ಬೆಯ ಲ್ಯಾಂಡಿಂಗ್ ಗೇರ್ ಮಾಡಿ ನೋಡಿದ್ದೂ ಉಂಟು. ಕೆಲವು ಇಳಿತಗಳನ್ನು ಚೆನ್ನಾಗಿ ತಾಳಿ, ಆಮೇಲೆ ಎಳೆ ಬಿಟ್ಟಿತು. ಈಗ ಸ್ಪ್ರಿಂಗ್ ತಂತಿಯೇ ಇದೆ. ರೇಡಿಯೊ ಬಿಟ್ಟು ಒಟ್ಟು ಖರ್ಚು, ಕೆಟ್ಟದ್ದನ್ನೂ ಸೇರಿಸಿ, 25 ಸಾವಿರದ ಹತ್ತಿರ ಆಗಿರಬೇಕು. ಎರಡು ಪ್ರೊಪೆಲರ್‌ಗಳು ಎದುರುಬದುರು ತಿರುಗುವ ಜೋಡಿಯಾಗಿಯೇ ಇರಲಿ. ಅಲ್ಲಿ ನೂರಿನ್ನೂರು ಉಳಿಸಹೋದರೆ ಗದ್ದೆಯಲ್ಲಿ ಓಡುವಾಗಲೇ ಎಡಕ್ಕೆ ಎಳೆಯುತ್ತದೆ.