ಟಾಹೋದಲ್ಲಿ ನೀರಿಗೆ ಇಳಿಯುವ ಮುನ್ನ: ಸ್ಯಾಂಡ್ ಹಾರ್ಬರ್‌ನಲ್ಲಿ ಒಂದು ದಿನ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡದವರ ಬೇಸಿಗೆ ಪ್ರವಾಸದಲ್ಲಿ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯಲ್ಲಿರುವ ಸರೋವರ ಲೇಕ್ ಟಾಹೋ ಇದ್ದೇ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ ಖಂಡಿತ. ಊಟ, ಹೋಟೆಲು, ಫೋಟೊ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಳ್ಳುತ್ತಾರೆ. ಎಡವುವುದು ನೀರಿನ ವಿಷಯದಲ್ಲಿ. ಮಧ್ಯಾಹ್ನ ಎರಡು ಗಂಟೆಯ ಗಾಳಿಯಲ್ಲಿ ಲೈಫ್ ಜಾಕೆಟನ್ನು ಪ್ಯಾಡಲ್ ಬೋರ್ಡಿಗೆ (ನಿಂತು ಹುಟ್ಟು ಹಾಕುವ ಹಲಗೆ) ಸಿಕ್ಕಿಸಿ, ಮಗುವನ್ನು ಮುಂದೆ ಕೂರಿಸಿಕೊಂಡು ಹೊರಡುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಎದೆ ಝಲ್ಲೆನ್ನುತ್ತದೆ.

ಕುಟುಂಬ ಸಮೇತ ಹೋಗುವವರಿಗೆ ನಾನು ಹೇಳುವ ಜಾಗ ಸ್ಯಾಂಡ್ ಹಾರ್ಬರ್. ಸರೋವರದ ಪೂರ್ವ ದಡದಲ್ಲಿದೆ, ಲೇಕ್ ಟಾಹೋ ನೆವಾಡಾ ಸ್ಟೇಟ್ ಪಾರ್ಕಿನ ಭಾಗ. ಒಳ್ಳೆಯ ಮರಳು, ನೀರಿನಲ್ಲೇ ನಿಂತ ದುಂಡು ಬಂಡೆಗಳು, ಮರದ ನೆರಳು ಮೂರೂ ಒಂದೇ ಕಡೆ ಸಿಗುತ್ತವೆ.

1. ಜಾಗ ಕಾಯ್ದಿರಿಸಿ

ಬೇಸಿಗೆಯಲ್ಲಿ ಬೆಳಗಿನ ಹೊತ್ತು ಕಾರು ಒಳಗೆ ಹೋಗಬೇಕಾದರೆ ಆನ್‌ಲೈನ್‌ನಲ್ಲಿ ಮುಂಚೆಯೇ ಕಾಯ್ದಿರಿಸಬೇಕು. ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್ ಪಾಸ್ ಇಲ್ಲಿ ನಡೆಯುವುದಿಲ್ಲ, ಇದು ನೆವಾಡಾ. ನ್ಯಾಷನಲ್ ಪಾರ್ಕ್ ಪಾಸ್ ಕೂಡ ನಡೆಯುವುದಿಲ್ಲ. ಹೊರ ರಾಜ್ಯದ ಕಾರಿಗೆ ಶುಲ್ಕ ಸ್ವಲ್ಪ ಜಾಸ್ತಿ.

ಪಾರ್ಕಿಂಗ್ ತುಂಬಿದೆ ಎಂದು 28ನೇ ಹೆದ್ದಾರಿಯ ಅಂಚಿನಲ್ಲಿ ಕಾರು ಬಿಟ್ಟು ನಡೆದು ಬರಬೇಡಿ. ಅದು ನಿಷಿದ್ಧ, ಅಪಾಯ ಕೂಡ. ಇನ್‌ಕ್ಲೈನ್ ವಿಲೇಜ್ ಕಡೆಯಿಂದ ನೀರಿನ ಪಕ್ಕದಲ್ಲೇ ಬರುವ ಈಸ್ಟ್ ಶೋರ್ ಟ್ರೇಲ್ ಇದೆ, ಸುಮಾರು 3 ಮೈಲಿ, 2019ರಲ್ಲಿ ತೆರೆದದ್ದು. ಸೊಗಸಾದ ದಾರಿ. ಆದರೆ ಸರೋವರವೇ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಬೇಗ ಏದುಸಿರು ಬರುತ್ತದೆ. ವಯಸ್ಸಾದವರನ್ನು ನಡೆಸಬೇಡಿ.

2. ಹಿಂದಿನ ರಾತ್ರಿಯೇ ತಲುಪಿ

ನಾಲ್ಕು ಗಂಟೆ ಕಾರು ಓಡಿಸಿ ಬಂದು ಅದೇ ದಿನ ವಾಪಸ್ ಹೋಗುವ ಯೋಜನೆ ಬೇಡವೇ ಬೇಡ. ಹಾಗೆ ಬಂದವರು ನೀರಿಗೆ ಇಳಿಯುವ ಹೊತ್ತಿಗೆ ಗಾಳಿ ಎದ್ದಿರುತ್ತದೆ. ಟ್ರಕೀ ಅಥವಾ ರೀನೋದಲ್ಲಿ ಉಳಿದುಕೊಳ್ಳಿ.

3. ನೀರಿಗೆ ಇಳಿಯುವುದು

ಇಲ್ಲಿ ಅವಸರ ಮಾಡಬೇಡಿ.

ಟಾಹೋ 501 ಮೀಟರ್ ಆಳವಿದೆ. ತುಂಬುವುದು ಹಿಮ ಕರಗಿದ ನೀರಿನಿಂದ. ಜೂನ್‌ನಲ್ಲಿ ಮೈಮೇಲೆ ಸುಡುಬಿಸಿಲಿದ್ದರೂ ನೀರು ಕೊರೆಯುತ್ತಿರುತ್ತದೆ. ಆಗಸ್ಟ್‌ನಲ್ಲೂ ಮೇಲ್ಮೈ ನೀರು ಹೆಚ್ಚೆಂದರೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಂಥ ನೀರಿಗೆ ದಿಢೀರನೆ ಬಿದ್ದರೆ ಬಾಯಿ ತಾನಾಗೇ ತೆರೆದು ಉಸಿರು ಎಳೆದುಕೊಳ್ಳುತ್ತದೆ. ಆ ಕ್ಷಣ ತಲೆ ನೀರೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಈಜು ಚೆನ್ನಾಗಿ ಬರುವವರಿಗೂ ಹೀಗೇ ಆಗುತ್ತದೆ. ಬಂಡೆ ಮೇಲಿಂದ ಹಾರುವ ಹುಡುಗರಿಗೆ ಇದನ್ನು ಕೂರಿಸಿ ಹೇಳಿ.

ಮೊದಲು ಮೊಣಕಾಲುದ್ದ ನೀರಿನಲ್ಲಿ ನಿಂತು ಮುಖ, ಕತ್ತು, ಎದೆಗೆ ನೀರು ಹಾಕಿಕೊಳ್ಳಿ. ಉಸಿರಾಟ ಮಾಮೂಲಿಯಾದ ಮೇಲೆ ಮುಂದೆ ಹೋಗಿ. ನೀರು ತಿಳಿಯಾಗಿರುವುದರಿಂದ ಆಳ ಮೋಸ ಮಾಡುತ್ತದೆ. ಮೇಲಿಂದ ನೋಡಿದರೆ ನಾಲ್ಕಡಿ ನೀರು ಮೂರಡಿಯಂತೆ ಕಾಣುತ್ತದೆ. ಮಕ್ಕಳ ವಿಷಯದಲ್ಲಿ ಆ ಒಂದಡಿ ಸಣ್ಣದಲ್ಲ.

ಬೋರ್ಡಿನಿಂದ ಬಿದ್ದರೆ ತಕ್ಷಣ ಈಜಲು ಹೋಗಬೇಡಿ. ಅಂಗಾತ ತೇಲಿ, ಬೋರ್ಡ್ ಹಿಡಿದುಕೊಳ್ಳಿ. ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರುವುದಷ್ಟೇ ಕೆಲಸ. ಆಮೇಲೆ ಮೇಲೆ ಹತ್ತಿ, ತಡ ಮಾಡಬೇಡಿ, ತಣ್ಣೀರಿನಲ್ಲಿ ಕೈಕಾಲಿನ ಬಲ ಬೇಗ ಕುಂದುತ್ತದೆ. ಬೋರ್ಡ್ ಪಕ್ಕದಲ್ಲೇ ಇರಬೇಕಾದರೆ ಕಾಲಿಗೆ ಅದರ ಹಗ್ಗ ಕಟ್ಟಿಕೊಂಡಿರಬೇಕು.

ಲೈಫ್ ಜಾಕೆಟ್ ಮೈಮೇಲೆ ಇರಬೇಕು. ದೋಣಿಯಲ್ಲಿರುವ 13 ವರ್ಷದೊಳಗಿನ ಮಕ್ಕಳು ಹಾಕಿಕೊಳ್ಳಲೇಬೇಕು ಎಂಬುದು ಕಾನೂನು. ದೊಡ್ಡವರೂ ಹಾಕಿಕೊಳ್ಳಿ ಎಂಬುದು ನನ್ನ ಹಟ. ನೀರಿಗೆ ಬಿದ್ದ ಮೇಲೆ, ನಡುಗುವ ಬೆರಳಿನಲ್ಲಿ ಬಕಲ್ ಹಾಕಲು ಆಗುವುದಿಲ್ಲ. ಅಳತೆ ನೋಡುವುದು ಸುಲಭ. ಮಗುವಿಗೆ ಜಾಕೆಟ್ ಹಾಕಿ ಪಟ್ಟಿಗಳನ್ನು ಬಿಗಿ ಮಾಡಿ, ಎರಡೂ ಕೈ ಮೇಲೆತ್ತಲು ಹೇಳಿ. ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ದೊಡ್ಡದು, ಬದಲಿಸಿ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಕೊಳ್ಳುವುದು ಅಂಗಿಗೆ ಸರಿ, ಇದಕ್ಕಲ್ಲ. ಒಳಗಿನ ಚೀಟಿಯಲ್ಲಿ ತೂಕದ ಮಿತಿ ಮತ್ತು ಕೋಸ್ಟ್ ಗಾರ್ಡ್ ಒಪ್ಪಿಗೆ ಬರೆದಿರುತ್ತದೆ, ಓದಿ. ತೋಳಿಗೆ ಹಾಕುವ ಗಾಳಿ ಪಟ್ಟಿ, ಪ್ಲಾಸ್ಟಿಕ್ ರಿಂಗು, ಗಾಳಿ ತುಂಬಿದ ಹಂಸ ಇವೆಲ್ಲ ಬರೀ ಆಟಿಕೆ. ಗಾಳಿ ಬೀಸಿದರೆ ಮಗುವಿನ ಸಮೇತ ತೇಲಿ ಹೋಗುತ್ತವೆ. ಮನೆಯಲ್ಲೇ ಬಿಟ್ಟು ಬನ್ನಿ.

ಮೊದಲ ಸಲದವರು ಪ್ಯಾಡಲ್ ಬೋರ್ಡಿಗಿಂತ ಕಯಾಕ್ ತೆಗೆದುಕೊಳ್ಳಿ. ಕೂತು ಹುಟ್ಟು ಹಾಕುವುದರಿಂದ ಬೀಳುವುದು ಕಡಿಮೆ.

4. ಹನ್ನೊಂದಕ್ಕೆ ದಡಕ್ಕೆ ಬನ್ನಿ

ಬೆಳಗ್ಗೆ ನೀರು ಶಾಂತವಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೈಋತ್ಯದ ಗಾಳಿ ಏಳುವುದು ಇಲ್ಲಿ ಮಾಮೂಲು. ಸರೋವರದ ಅಗಲ 12 ಮೈಲಿ. ಅಷ್ಟು ನೀರಿನ ಮೇಲೆ ಗಾಳಿ ಓಡಿ ಬರುವಾಗ ಅಲೆ ಬೆಳೆಯುತ್ತಾ ಪೂರ್ವ ದಡಕ್ಕೆ, ಅಂದರೆ ಸ್ಯಾಂಡ್ ಹಾರ್ಬರ್‌ನ ಬಂಡೆಗಳಿಗೆ ಬಡಿಯುತ್ತದೆ. ಪಶ್ಚಿಮ ದಡದಲ್ಲಿ ಇನ್ನೊಂದು ಅಪಾಯ. ಅಲ್ಲಿ ಅದೇ ಗಾಳಿ ನಿಮ್ಮನ್ನು ನಡುನೀರಿಗೆ ತಳ್ಳುತ್ತದೆ.

ಬಿರುಗಾಳಿ ಬಂದರೆ ದೊಡ್ಡ ದೋಣಿಗೂ ಉಳಿವಿಲ್ಲ. 2025ರ ಜೂನ್ 21ರ ಮಧ್ಯಾಹ್ನ ಪಶ್ಚಿಮದ ಡಿ.ಎಲ್. ಬ್ಲಿಸ್ ಸ್ಟೇಟ್ ಪಾರ್ಕ್ ಬಳಿ 27 ಅಡಿಯ ಮೋಟಾರು ದೋಣಿಯೊಂದು ಮಗುಚಿತು. ಅದರಲ್ಲಿದ್ದ 10 ಜನರಲ್ಲಿ 8 ಮಂದಿ ಸತ್ತರು. ಹವಾಮಾನ ನೋಡುವಾಗ ಬರೀ ಬಿಸಿಲು ಮಳೆ ನೋಡಬೇಡಿ, ಗಂಟೆಗಂಟೆಯ ಗಾಳಿಯ ವೇಗ ನೋಡಿ. ದೂರದಲ್ಲಿ ಬಿಳಿ ನೊರೆಯ ಅಲೆ ಕಂಡರೆ ವಾಪಸ್ ತಿರುಗಿ. ಬಾಡಿಗೆಯ ಸಮಯ ಇನ್ನೂ ಉಳಿದಿದೆ ಎಂದು ಸುಮ್ನೆ ಮುಂದುವರಿಯಬೇಡಿ.

5. ಊಟ

ಪುಳಿಯೋಗರೆ, ಮೊಸರನ್ನ ಸಾಕು. ಬೀಚಿಗೆ ಗಾಜಿನ ಬಾಟಲಿ ಒಯ್ಯುವಂತಿಲ್ಲ, ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಳ್ಳಿ. ಅಳಿಲು, ಬಾತುಗಳಿಗೆ ಒಂದು ಅಗುಳನ್ನೂ ಹಾಕಬೇಡಿ. ಇದು ಕರಡಿಗಳ ಸೀಮೆ. ಉಳಿದದ್ದನ್ನು ಕಾರಿನಲ್ಲೂ ಬಿಡಬೇಡಿ, ವಾಸನೆ ಹಿಡಿದು ಬಂದ ಕರಡಿ ಕಾರಿನ ಬಾಗಿಲನ್ನೇ ಕೀಳಬಲ್ಲದು.

6. ಸ್ವಂತ ಬೋರ್ಡ್ ಇದ್ದರೆ

ಟಾಹೋಗೆ ಬರುವ ಮೊದಲೇ ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿ. ಹಿಂದಿನ ವಾರ ಸ್ಯಾಕ್ರಮೆಂಟೊ ಡೆಲ್ಟಾದಲ್ಲಿ ಆಡಿದ್ದರೆ ಇದು ತಪ್ಪಲೇಬಾರದು. 2024ರಲ್ಲಿ ಡೆಲ್ಟಾದಲ್ಲಿ ಗೋಲ್ಡನ್ ಮಸಲ್ ಎಂಬ, ಹೊರಗಿಂದ ಬಂದು ಹಬ್ಬುವ ಚಿಪ್ಪುಜೀವಿ ಸಿಕ್ಕಿತು, ಉತ್ತರ ಅಮೆರಿಕದಲ್ಲಿ ಮೊದಲ ಬಾರಿಗೆ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಒಂದು ಹನಿ ನೀರಿನಲ್ಲೂ ಬಂದುಬಿಡಬಹುದು. ಗಾಳಿ ತುಂಬುವ ಬೋರ್ಡಾದರೆ ಹಿಂಭಾಗದ ರೆಕ್ಕೆ ಬಿಚ್ಚಿ ಅದರ ಸಂದಿ ಒರೆಸಿ, ಹಗ್ಗವನ್ನೂ ಬಿಸಿಲಿಗೆ ಹಾಕಿ. ಒದ್ದೆ ಬೋರ್ಡನ್ನು ಹಾಗೇ ಸುತ್ತಿ ಚೀಲಕ್ಕೆ ತುರುಕಿದರೆ ಆ ಸಂದಿಯಲ್ಲಿ ನೀರು ದಿನಗಟ್ಟಲೆ ಉಳಿಯುತ್ತದೆ.